ಊರಿಗೆ ಬಂದರೂ ನಿದ್ದೆ ಇನ್ನೂ ನ್ಯೂಜೆರ್ಸಿಯಲ್ಲೇ

ಪ್ರಶ್ನೆ: ನನಗೆ 63, ನಮ್ಮ ಮನೆಯವರಿಗೆ 68. ಮುಂಬೈಯ ಮುಲುಂಡ್‌ನಲ್ಲಿ ಸ್ವಂತ ಮನೆ. ಫೆಬ್ರವರಿ ಕೊನೆಗೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ನಾಲ್ಕು ತಿಂಗಳು ಇದ್ದು, ನಯಾಗರ, ವಾಷಿಂಗ್ಟನ್ ಎಲ್ಲ ಸುತ್ತಾಡಿ, ಜೂನ್ ಕೊನೆಗೆ ವಾಪಸ್ ಬಂದೆವು. ಬಂದು ಹತ್ತು ದಿನ ಆಯಿತು. ರಾತ್ರಿ ಒಂದೂವರೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಆಗ ಮಗಳಿಗೆ ವಿಡಿಯೋ ಕಾಲ್ ಮಾಡುತ್ತೇನೆ. ಮೊಮ್ಮಗನ ಮುಖ ನೋಡಿದರೆ ಅಳು ಬರುತ್ತದೆ. ಯಾರೋ ಹೇಳಿದರು ಅಂತ ಇವರು ಬೆಳಗ್ಗೆ ಆರಕ್ಕೇ ಛತ್ರಿ ಹಿಡಿದು ವಾಕಿಂಗ್ ಹೊರಡುತ್ತಾರೆ, ನನ್ನನ್ನೂ ಹೊರಡಿಸುತ್ತಾರೆ. ಹತ್ತು ಗಂಟೆಗೆ ಇಬ್ಬರಿಗೂ ಕಣ್ಣು ಎಳೆಯುತ್ತದೆ. ಪರದೆ ಎಳೆದು ಮಲಗಿದರೆ ಏಳುವುದು ಎರಡಕ್ಕೆ. ಮನೆಯೆಲ್ಲ ಬೂಷ್ಟು ವಾಸನೆ. ಎಷ್ಟೋ ವರ್ಷದಿಂದ ಇದ್ದ ಮನೆಕೆಲಸದ ಬಾಯಿ ಬೇರೆ ಮನೆ ಹಿಡಿದಿದ್ದಾಳೆ. ಸೂಟ್‌ಕೇಸುಗಳು ಇನ್ನೂ ಹಾಲ್‌ನಲ್ಲೇ ಬಿದ್ದಿವೆ. ಅಲ್ಲಿ ಇವರೇ ತಟ್ಟೆಗಳನ್ನು ಡಿಶ್‌ವಾಶರ್‌ಗೆ ಜೋಡಿಸುತ್ತಿದ್ದರು, ಇಲ್ಲಿ ಕಾಲಿಟ್ಟದ್ದೇ ತಡ, ಪೇಪರ್ ಹಿಡಿದು ಕೂತುಬಿಟ್ಟಿದ್ದಾರೆ. ಅಡುಗೆಮನೆಗೆ ಹೋಗಲು ಮನಸ್ಸೇ ಇಲ್ಲ. ಈ ಮನೆ ಮಾರಿ ಪುಣೆಯಲ್ಲಿ ಮಗನ ಹತ್ತಿರ ಹೋಗಿಬಿಡೋಣ ಅನ್ನಿಸುತ್ತಿದೆ. ಇದು ಡಿಪ್ರೆಶನ್ನಾ? ಪಕ್ಕದ ಮನೆಯವರು ನಿದ್ದೆ ಮಾತ್ರೆ ಕೊಟ್ಟಿದ್ದಾರೆ, ತಗೊಳ್ಳಬಹುದಾ? ಇವರಿಗೆ ಬಿಪಿ, ಶುಗರ್ ಎರಡೂ ಇದೆ.

ಉತ್ತರ: ಮಾತ್ರೆ ಬೇಡ, ವಾಪಸ್ ಕೊಟ್ಟುಬಿಡಿ. ಮನೆ ಮಾರುವ ಮಾತನ್ನು ಗಣಪತಿ ಹಬ್ಬ ಕಳೆಯುವ ತನಕ ಎತ್ತಬೇಡಿ. ಮಗನಿಗೂ ಫೋನ್ ಮಾಡಿ ಹೇಳಬೇಡಿ. ಅವನು ಪಾಪ, ನಿಜ ಅಂದುಕೊಂಡು ಏಜೆಂಟರನ್ನು ಹುಡುಕಲು ಶುರು ಮಾಡುತ್ತಾನೆ.

ನಾನು ಫ್ಯಾಮಿಲಿ ಡಾಕ್ಟರ್. ಜೂನ್-ಜುಲೈ ಬಂತೆಂದರೆ ನಮ್ಮ ಕ್ಲಿನಿಕ್ಕಿಗೆ ನಿಮ್ಮಂಥ ದಂಪತಿಗಳು ಬರುತ್ತಲೇ ಇರುತ್ತಾರೆ. ಮಗಳ ಮನೆ, ಮಗನ ಮನೆ, ಬಾಣಂತನ, ಗ್ರಾಜುಯೇಶನ್, ಏನೋ ಒಂದು ನೆಪ. ಬಂದವರು ಹೇಳುವುದು ಹೆಚ್ಚುಕಮ್ಮಿ ಒಂದೇ ಥರ: ನಿದ್ದೆ ಇಲ್ಲ, ಮನೆ ಹಿಡಿಸುತ್ತಿಲ್ಲ, ಗಂಡನ ಮೇಲೆ ಸಿಟ್ಟು, ಮುಂಬೈ ಸಾಕು. ನಾಲ್ಕನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಆದರೆ ಇದರಲ್ಲಿ ಅರ್ಧ ಬರೀ ದೇಹದ ಗಡಿಯಾರದ ತಂಟೆ. ಅದು ಸರಿಹೋದ ಮೇಲೆ ಏನು ಉಳಿಯುತ್ತದೋ ಅದಷ್ಟೇ ನಿಜವಾದ ತೊಂದರೆ. ಎರಡನ್ನೂ ಕಲಸಿಕೊಂಡರೆ ನಿದ್ದೆಗೆಟ್ಟ ತಲೆಯಲ್ಲಿ ಮನೆ ಮಾರುವ ಯೋಚನೆ ಬರುತ್ತದೆ. ಹಾಗಾಗಿ ಮೊದಲು ಗಡಿಯಾರ.

ನಮ್ಮ ಮೆದುಳಿನಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ದಿನದ ಲೆಕ್ಕ ಇಡುವ ಒಂದು ಪುಟ್ಟ ಭಾಗ ಇದೆ. ಯಾವಾಗ ನಿದ್ದೆ, ಯಾವಾಗ ಎಚ್ಚರ, ಮೈಬಿಸಿ ಯಾವಾಗ ಇಳಿಯಬೇಕು ಅನ್ನುವುದನ್ನೆಲ್ಲ ಇದು ನಡೆಸುತ್ತದೆ. ಇಂಥ ಗಡಿಯಾರ ಜೀವಕೋಶದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಸಿಕ್ಕಿತು. ವಿಮಾನ ಇಪ್ಪತ್ತು ಗಂಟೆಯೊಳಗೆ ನಿಮ್ಮನ್ನು ಮುಲುಂಡ್‌ಗೆ ತಂದು ಬಿಡುತ್ತದೆ, ಈ ಗಡಿಯಾರ ಮಾತ್ರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಬೇಸಿಗೆಯಲ್ಲಿ ಎಡಿಸನ್‌ಗೂ ನಮಗೂ ಒಂಬತ್ತೂವರೆ ಗಂಟೆಯ ಅಂತರ. ಅಂದರೆ ಏನೂ ಎಡವಟ್ಟು ಮಾಡದಿದ್ದರೂ ಒಂಬತ್ತು-ಹತ್ತು ದಿನ ಬೇಕೇ ಬೇಕು. ಅದೂ ಪೂರ್ವಕ್ಕೆ ಬರುವಾಗ ಕಷ್ಟ ಜಾಸ್ತಿ. ನಮ್ಮ ಒಳಗಿನ ದಿನ 24 ಗಂಟೆಗಿಂತ ಒಂಚೂರು ಉದ್ದ. ತಡವಾಗಿ ಮಲಗು ಅಂದರೆ ದೇಹ ಕೇಳುತ್ತದೆ, ಬೇಗ ಮಲಗು ಅಂದರೆ ಕೇಳುವುದಿಲ್ಲ.

ಅದಕ್ಕೇ ಫೆಬ್ರವರಿಯಲ್ಲಿ ಅಲ್ಲಿಗೆ ಹೋದಾಗ ಇಷ್ಟು ಒದ್ದಾಡಿರಲಿಕ್ಕಿಲ್ಲ, ಅಲ್ವಾ?

ಈಗ ನಿಮ್ಮ ಬೆಳಗಿನ ವಾಕಿಂಗ್‌ಗೆ ಬರುತ್ತೇನೆ. "ಬೆಳಗ್ಗೆ ಬಿಸಿಲಿಗೆ ಹೋಗಿ, ಜೆಟ್‌ಲ್ಯಾಗ್ ಹೋಗುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ದುಬೈನಂಥ ಹತ್ತಿರದ ಊರಿಂದ ಬಂದವರಿಗೆ ಇದು ಹೆಚ್ಚುಕಡಿಮೆ ನಡೆಯುತ್ತದೆ. ಅಮೆರಿಕದಿಂದ ಬಂದವರಿಗೆ ಮೊದಲ ದಿನಗಳಲ್ಲಿ ಇದೇ ಉಲ್ಟಾ ಹೊಡೆಯುತ್ತದೆ. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ದಿನದಲ್ಲಿ ಒಂದು ಹೊತ್ತು ಮೈಬಿಸಿ ತೀರಾ ಕೆಳಗೆ ಇಳಿದಿರುತ್ತದೆ. ಮಾಮೂಲಾಗಿ ಏಳುವ ಹೊತ್ತಿಗಿಂತ ಎರಡು-ಮೂರು ಗಂಟೆ ಮುಂಚೆ. ಆಗಲೇ ನಿದ್ದೆಯ ಸೆಳೆತ ಜೋರು. ಆ ಹೊತ್ತು ಕಳೆದ ಮೇಲೆ ಕಣ್ಣಿಗೆ ಬೆಳಕು ಬಿದ್ದರೆ ಗಡಿಯಾರ ಹಿಂದಕ್ಕೆ ಬರುತ್ತದೆ, ಅಂದರೆ ಮರುದಿನ ಬೇಗ ನಿದ್ದೆ ಬರುತ್ತದೆ, ಬೇಗ ಎಚ್ಚರ ಆಗುತ್ತದೆ. ಆ ಹೊತ್ತಿಗೆ ಮುಂಚೆ ಬೆಳಕು ಬಿದ್ದರೆ ಎಲ್ಲವೂ ಇನ್ನಷ್ಟು ತಡವಾಗುತ್ತದೆ. ಎಡಿಸನ್‌ನಲ್ಲಿ ನೀವು ಏಳಕ್ಕೆ ಏಳುತ್ತಿದ್ದಿರಿ ಅಂದುಕೊಳ್ಳಿ. ಅಲ್ಲಿನ ನಸುಕಿನ ನಾಲ್ಕೂವರೆ ನಿಮ್ಮ ಮೈಬಿಸಿ ಇಳಿದ ಹೊತ್ತು. ಅದು ಇಲ್ಲಿನ ಮಧ್ಯಾಹ್ನ ಎರಡು. ಬಂದ ಹೊಸತರಲ್ಲಿ ಊಟದ ತಟ್ಟೆಯ ಮುಂದೆಯೇ ತೂಕಡಿಸಿದ್ದು ಅದಕ್ಕೇ.

ಈಗ ಹತ್ತು ದಿನದ ಮೇಲೆ ನಿಮಗೆ ನಿದ್ದೆ ಒತ್ತಿಕೊಂಡು ಬರುವುದು ಬೆಳಗ್ಗೆ ಹತ್ತು-ಹನ್ನೊಂದರ ಆಸುಪಾಸು. ಗಡಿಯಾರ ಸರಿದಿದೆ, ಆದರೆ ಮೂರು-ನಾಲ್ಕು ಗಂಟೆ ಮಾತ್ರ. ಇಷ್ಟು ನಿಧಾನ ಯಾಕೆ? ಆರಕ್ಕೆ ಎದ್ದು ಹೊರಗಿನ ಬೆಳಕಿಗೆ ಹೋಗುತ್ತೀರಿ. ಅದು ಆ ಮೈಬಿಸಿ ಇಳಿದ ಹೊತ್ತಿಗೆ ನಾಲ್ಕು ಗಂಟೆ ಮುಂಚೆ ಆಯಿತು, ಅಂದರೆ ಗಡಿಯಾರವನ್ನು ನೀವೇ ಮುಂದಕ್ಕೆ ತಳ್ಳುತ್ತಿದ್ದೀರಿ. ಆಮೇಲೆ ಹನ್ನೊಂದರಿಂದ ಎರಡರವರೆಗಿನ ಬೆಳಕು, ನಿಮಗೆ ನಿಜವಾಗಿ ಬೇಕಾದದ್ದು, ಆ ಹೊತ್ತಿನಲ್ಲಿ ಪರದೆ ಎಳೆದು ಮಲಗಿದ್ದೀರಿ. ನಿಮ್ಮ ಯಜಮಾನರ ಶಿಸ್ತು ಒಳ್ಳೆಯದೇ, ಹೊತ್ತು ಮಾತ್ರ ತಪ್ಪು.

ನಾಳೆಯಿಂದ ಹೀಗೆ ಮಾಡಿ. ಬೆಳಗ್ಗೆ ಎಚ್ಚರ ಆದರೆ ಏಳಿ, ಸ್ನಾನ-ತಿಂಡಿ ಮಾಡಿ, ಆದರೆ ಹನ್ನೊಂದರ ತನಕ ಮನೆಯೊಳಗೇ ಇರಿ. ಕಿಟಕಿಯ ಹತ್ತಿರ ಕೂರಬೇಡಿ. ಹಾಲು ತರಲು ಹೊರಗೆ ಹೋಗಲೇಬೇಕಾದರೆ ಕಪ್ಪು ಕನ್ನಡಕ ಹಾಕಿ, ಸೊಸೈಟಿಯವರು "ಅಮೆರಿಕಾ ಸ್ಟೈಲು" ಅಂತ ನಕ್ಕರೆ ನಗಲಿ. ಹನ್ನೊಂದೂವರೆಗೆ ಇಬ್ಬರೂ ಮನೆಯಿಂದ ಹೊರಬೀಳಿ. ಮಳೆ ಜೋರಾಗಿದ್ದರೆ ಬಾಲ್ಕನಿಯಲ್ಲೋ ಸೊಸೈಟಿಯ ಗೇಟಿನ ಹತ್ತಿರವೋ ಕೂತರೂ ಆಯಿತು. ಮೋಡ ಕವಿದ ದಿನವೂ ಹೊರಗಿನ ಬೆಳಕು ಹಾಲ್‌ನ ಟ್ಯೂಬ್‌ಲೈಟಿಗಿಂತ ಹತ್ತಿಪ್ಪತ್ತು ಪಟ್ಟು ಜಾಸ್ತಿ. ಮಾರನೇ ದಿನ ಹತ್ತೂವರೆಗೆ ಹೊರಡಿ, ಅದರ ಮಾರನೇ ದಿನ ಒಂಬತ್ತೂವರೆಗೆ. ಹೀಗೆ ದಿನಕ್ಕೊಂದು ಗಂಟೆ ಹಿಂದಕ್ಕೆ ಬನ್ನಿ. ಸುಮಾರು ಐದಾರು ದಿನಕ್ಕೆ ಇವರ ಆರು ಗಂಟೆಯ ವಾಕಿಂಗ್ ವಾಪಸ್ ಸಿಗುತ್ತದೆ, ಆಗ ಅದೇ ಔಷಧಿ.

ಹಗಲು ತಡೆಯಲಾರದಷ್ಟು ನಿದ್ದೆ ಬಂದರೆ ಕುರ್ಚಿಯಲ್ಲೇ ಒರಗಿ, ಅಲಾರಂ ಇಟ್ಟು, ಅರ್ಧ ಗಂಟೆ. ಹಾಸಿಗೆಗೆ ಹೋಗಬೇಡಿ. ಹಾಸಿಗೆಗೆ ಹೋದರೆ ಅರ್ಧ ಗಂಟೆ ನಾಲ್ಕು ಗಂಟೆ ಆಗುತ್ತದೆ, ನಿಮಗೇ ಗೊತ್ತು. ಫಿಲ್ಟರ್ ಕಾಫಿ ಮಧ್ಯಾಹ್ನ ಎರಡರ ಮೇಲೆ ಬೇಡ. ಕಾಫಿಯ ಕೆಫೀನ್‌ನಲ್ಲಿ ಅರ್ಧದಷ್ಟು ಐದು ಗಂಟೆ ಕಳೆದ ಮೇಲೂ ರಕ್ತದಲ್ಲಿ ಇರುತ್ತದೆ. ಊಟ-ತಿಂಡಿಯನ್ನು ಹಸಿವು ಇರಲಿ ಬಿಡಲಿ ಇಲ್ಲಿನ ಹೊತ್ತಿಗೇ ಮಾಡಿ, ಯಾಕೆಂದರೆ ಹೊಟ್ಟೆಗೂ ಪಿತ್ತಜನಕಾಂಗಕ್ಕೂ ಅವುಗಳದೇ ಗಡಿಯಾರ ಇದೆ. ಅವು ಬೆಳಕನ್ನು ನೋಡುವುದಿಲ್ಲ, ಊಟದ ಹೊತ್ತನ್ನು ನೋಡುತ್ತವೆ.

ಇನ್ನು ರಾತ್ರಿ ಒಂದೂವರೆ. ಆಗ ಎಡಿಸನ್‌ನಲ್ಲಿ ಸಂಜೆ ನಾಲ್ಕು. ಮೊಮ್ಮಗ ಸ್ಕೂಲ್ ಬಸ್ಸಿನಿಂದ ಇಳಿಯುತ್ತಿದ್ದದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ ಇರಬೇಕು. ನಿಮಗೆ ಎಚ್ಚರ ಆಗುವುದೂ ಅವನನ್ನು ನೋಡಬೇಕು ಅನ್ನಿಸುವುದೂ ಒಟ್ಟಿಗೇ ಬರುತ್ತದೆ, ನನಗೆ ಅರ್ಥವಾಗುತ್ತದೆ. ಆದರೂ ಆ ಕಾಲ್ ನಿಲ್ಲಿಸಿ. ಫೋನಿನ ಬೆಳಕು ಒಂದು, ಅದರ ಜೊತೆ ಅಳು. ಎರಡೂ ಸೇರಿದರೆ ಬೆಳಗಿನ ತನಕ ನಿದ್ದೆ ಬರುವುದಿಲ್ಲ. ಕಾಲ್ ಅನ್ನು ಸಂಜೆ ಆರಕ್ಕೆ ಇಟ್ಟುಕೊಳ್ಳಿ. ಅಲ್ಲಿ ಆಗ ಬೆಳಗಿನ ಎಂಟೂವರೆ, ಸ್ಕೂಲಿಗೆ ಬೇಸಿಗೆ ರಜ ಬೇರೆ, ಹುಡುಗ ಮನೆಯಲ್ಲೇ ಇರುತ್ತಾನೆ. ರಾತ್ರಿ ಎಚ್ಚರ ಆದಾಗ ದೊಡ್ಡ ದೀಪ ಹಾಕದೆ ಸುಮ್ನೆ ಮಲಗಿರಿ. ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಬರದಿದ್ದರೆ ಎದ್ದು ಹಾಲ್‌ನಲ್ಲಿ ಮಂದ ಬೆಳಕಲ್ಲಿ ಕೂತು ಜಪ ಮಾಡಿ, ಬತ್ತಿ ಹೊಸೆಯಿರಿ, ಬೇಸರ ತರುವಂಥದ್ದು ಏನಾದರೂ ಮಾಡಿ. ಗಡಿಯಾರ ನೋಡಬೇಡಿ.

ನಿದ್ದೆ ಮಾತ್ರೆ ಯಾಕೆ ಬೇಡ ಅಂದೆನಲ್ಲ. ಮಾತ್ರೆ ನಿದ್ದೆ ಬರಿಸಬಹುದು, ಗಡಿಯಾರವನ್ನು ಸರಿಸುವುದಿಲ್ಲ. ಅರವತ್ತರ ಮೇಲಿನವರು ಅದನ್ನು ತಗೊಂಡು ರಾತ್ರಿ ಬಾತ್‌ರೂಮಿಗೆ ಎದ್ದಾಗ ತೂರಾಡಿ ಬೀಳುವುದು, ಸೊಂಟದ ಮೂಳೆ ಮುರಿದುಕೊಳ್ಳುವುದು ಮಾಮೂಲು. ನಾಲ್ಕು ತಿಂಗಳು ಬೇರೆ ಮನೆಯ ಬಾತ್‌ರೂಮಿಗೆ ಒಗ್ಗಿದ ಕಾಲು, ಕತ್ತಲಲ್ಲಿ ಯಾವ ಕಡೆ ತಿರುಗುತ್ತದೋ ಹೇಳಲಾಗದು. ಹಾಸಿಗೆಯಿಂದ ಬಾತ್‌ರೂಮಿನ ತನಕ ಒಂದು ಸಣ್ಣ ನೈಟ್‌ಲ್ಯಾಂಪ್ ಹಾಕಿಡಿ.

ಬೇರೆ ಓದುಗರಿಗೆ ಎರಡು ಮಾತು. ಕ್ಯಾಲಿಫೋರ್ನಿಯಾದಿಂದ ಬೇಸಿಗೆಯಲ್ಲಿ ಬಂದರೆ ಅಂತರ ಹನ್ನೆರಡೂವರೆ ಗಂಟೆ, ಹಗಲು-ರಾತ್ರಿ ಪೂರ್ತಿ ಅದಲುಬದಲು. ಅವರಿಗೆ ಎರಡು ವಾರ ಹಿಡಿದರೂ ಆಶ್ಚರ್ಯ ಇಲ್ಲ. ಸಿಡ್ನಿಯಿಂದ ಬಂದವರು ಪಶ್ಚಿಮಕ್ಕೆ ಬಂದಂತೆ, ಸುಲಭ. ದುಬೈ ಒಂದೂವರೆ ಗಂಟೆ, ಅದಕ್ಕೆ ಜೆಟ್‌ಲ್ಯಾಗ್ ಅಂತ ರಜೆ ಕೇಳಬೇಡಿ.

ಇನ್ನು ಮನೆ. ಇದು ಡಾಕ್ಟರ ಕೆಲಸವಾ ಅಂತ ಕೇಳಬೇಡಿ, ಮಳೆಗಾಲದಲ್ಲಿ ಮುಚ್ಚಿಟ್ಟ ಮುಂಬೈ ಮನೆ ಆರೋಗ್ಯದ ವಿಷಯವೇ. ಬಂದವರೆಲ್ಲ ಮಾಡುವ ಮೊದಲ ಕೆಲಸ ಸೆರಗು ಸಿಕ್ಕಿಸಿ ಇಡೀ ಮನೆ ತೊಳೆಯಲು ಹೊರಡುವುದು. ಎರಡನೇ ದಿನ ಸೊಂಟ ಹಿಡಿದು ಮಲಗುತ್ತಾರೆ. ನಿಮಗೆ ಬಾಯಿಯೂ ಇಲ್ಲ. ಈ ವಾರ ಮಲಗುವ ಕೋಣೆ, ಬಾತ್‌ರೂಮ್, ಗ್ಯಾಸ್ ಕಟ್ಟೆ, ಇಷ್ಟೇ. ಉಳಿದದ್ದು ಹಾಗೇ ಇರಲಿ, ಓಡಿಹೋಗುವುದಿಲ್ಲ.

ವಾಸನೆ ಪೂರ್ತಿ ಬೂಷ್ಟಿನದೇ ಅಂತ ಅಂದುಕೊಳ್ಳಬೇಡಿ. ಬಾತ್‌ರೂಮಿನ ಜಾಲರಿ, ಅಡುಗೆಮನೆಯ ಸಿಂಕ್, ವಾಶಿಂಗ್ ಮಶೀನಿನ ಹತ್ತಿರದ ಮೋರಿ, ಇವೆಲ್ಲದರ ಕೆಳಗೆ ಪೈಪು ಬಾಗಿರುತ್ತದೆ. ಆ ಬಾಗಿದ ಕಡೆ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ಚರಂಡಿಯ ಗಾಳಿಯನ್ನೂ ಜಿರಲೆಯನ್ನೂ ಮೇಲೆ ಬರದ ಹಾಗೆ ತಡೆಯುವುದು ಆ ನೀರೇ. ಏಪ್ರಿಲ್-ಮೇ ಸೆಖೆಗೆ ಅದು ಆರಿಹೋಗಿರುತ್ತದೆ. ಬಳಸುತ್ತಿರುವ ಬಾತ್‌ರೂಮಿನದು ನೀವು ಬಂದ ದಿನವೇ ತುಂಬಿರುತ್ತದೆ. ಆದರೆ ಬಳಸದ ಎರಡನೇ ಬಾತ್‌ರೂಮು, ಬಾಲ್ಕನಿಯ ಮೋರಿ ಹಾಗೇ ಒಣಗಿ ಕೂತಿರುತ್ತವೆ. ಪ್ರತಿಯೊಂದಕ್ಕೂ ಎರಡೆರಡು ಚೊಂಬು ನೀರು ಹಾಕಿ. ಸಂಜೆಯೊಳಗೆ ಅರ್ಧ ವಾಸನೆ ಹೋಗುತ್ತದೆ. ಕ್ಲೀನಿಂಗ್ ಕಂಪನಿಯವರಿಗೆ ದುಡ್ಡು ಕೊಡುವ ಮುಂಚೆ ಇದೊಂದು ಮಾಡಿ ನೋಡಿ.

ಗೋಡೆ, ಕಪಾಟಿನ ಬೂಷ್ಟನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಪುಡಿ ಗಾಳಿಗೆ ಹಾರಿ ಎದೆಗೆ ಹೋಗುತ್ತದೆ. ಮೂಗಿಗೆ ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ನೀರಿಗೆ ಸ್ವಲ್ಪ ಬ್ಲೀಚ್ ಬೆರೆಸಬಹುದು. ಆದರೆ ಬ್ಲೀಚಿನ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವ ಕಾರಣಕ್ಕೂ ಸೇರಿಸಬೇಡಿ, ಕ್ಲೋರಿನ್ ವಿಷಗಾಳಿ ಬರುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಕಪಾಟಿನ ಬಾಗಿಲು ತೆರೆದಿಟ್ಟು ಫ್ಯಾನ್ ಹಾಕಿ, ಎರಡು ದಿನ. ಹಾಸಿಗೆಯ ಚಾದರ, ದಿಂಬಿನ ಕವರು ಮಡಚಿಟ್ಟದ್ದೇ ಆದರೂ ಒಮ್ಮೆ ಒಗೆದೇ ಬಳಸಿ.

ಅಡುಗೆಮನೆಯ ಡಬ್ಬಗಳ ವಿಷಯದಲ್ಲಿ ನಮ್ಮ ಹೆಂಗಸರು ತುಂಬ ಜಿಪುಣರು, ನಾನೂ ಸೇರಿ. ತೊಗರಿಬೇಳೆಯಲ್ಲಿ ಹುಳ ಬಿದ್ದಿದ್ದರೆ ಆರಿಸಿ, ಬಿಸಿಲು ಸಿಕ್ಕ ದಿನ ಒಣಗಿಸಿ ಬಳಸಬಹುದು. ಆದರೆ ಶೇಂಗಾ, ಒಣಮೆಣಸಿನಕಾಯಿ, ಕೊಬ್ಬರಿ, ಇವುಗಳ ಮೇಲೆ ಹಸಿರು-ಕಪ್ಪು ಬೂಷ್ಟು ಕಂಡರೆ, ಒಳಗೆ ಮುಗ್ಗುಲು ವಾಸನೆ ಬಂದರೆ, ಡಬ್ಬ ಪೂರ್ತಿ ಕಸಕ್ಕೆ. ಮೇಲಿಂದ ಒಂದು ಹಿಡಿ ತೆಗೆದು ಉಳಿದದ್ದನ್ನು ಹುರಿದುಕೊಂಡರೆ ಸಾಕು ಅನ್ನುವಂತಿಲ್ಲ. ಕೆಲವು ಬೂಷ್ಟುಗಳು ಬಿಡುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಪಿತ್ತಜನಕಾಂಗಕ್ಕೆ ಕೆಟ್ಟದ್ದು, ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಊರಿಂದ ತಂದ ಬ್ಯಾಡಗಿ ಮೆಣಸಿನಕಾಯಿ ಎಸೆಯಲು ಕೈ ಬರುವುದಿಲ್ಲ ಅಂತ ಗೊತ್ತು. ಎಸೆಯಿರಿ.

ನಲ್ಲಿ, ಶವರ್, ಗೀಸರ್ ಎಲ್ಲವನ್ನೂ ಐದೈದು ನಿಮಿಷ ಬಿಟ್ಟು, ಪೈಪಿನಲ್ಲಿ ತಿಂಗಳುಗಟ್ಟಲೆ ನಿಂತ ನೀರು ಹೊರಗೆ ಹೋಗಲಿ. ವಾಟರ್ ಫಿಲ್ಟರಿನ ಕ್ಯಾಂಡಲ್ ಬದಲಾಯಿಸುವ ತನಕ ಕುಡಿಯುವ ನೀರು ಕುದಿಸಿ. ಆಮೇಲೆ ಒಂದು ಟಾರ್ಚ್ ಹಿಡಿದು ಹೂಕುಂಡದ ತಟ್ಟೆ, ಬಳಸದ ಫ್ಲಶ್ ಟ್ಯಾಂಕ್, ಫ್ರಿಜ್‌ನ ಹಿಂದಿನ ಟ್ರೇ, ಬಾಲ್ಕನಿಯಲ್ಲಿಟ್ಟ ಬಕೆಟ್ ನೋಡಿ. ಡೆಂಗಿಯ ಸೊಳ್ಳೆ ಗಲೀಜು ಗಟಾರದಲ್ಲಿ ಹುಟ್ಟುವುದಕ್ಕಿಂತ ಇಂಥ ತಿಳಿನೀರಿನಲ್ಲೇ ಜಾಸ್ತಿ ಹುಟ್ಟುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಹತ್ತು ದಿನ ಸಾಕು, ಕಚ್ಚುವುದು ಹಗಲು ಹೊತ್ತು. ನೀವು ಈಗ ಮಲಗುತ್ತಿರುವುದೂ ಹಗಲು ಹೊತ್ತೇ.

ಬಾಯಿಯ ಮೇಲೆ ಕೋಪ ಬೇಡ. ನಾಲ್ಕು ತಿಂಗಳು ಪಗಾರ ಇಲ್ಲದೆ ಅವಳ ಮನೆ ನಡೆಯಬೇಡವಾ? ಮುಂದಿನ ಸಲ ಹೋಗುವಾಗ ಅರ್ಧ ಪಗಾರ ಕೊಟ್ಟು ಹೋಗಿ, ವಾರಕ್ಕೊಮ್ಮೆ ಕಿಟಕಿ ತೆರೆದು ಗುಡಿಸಿ ಹೋಗು ಅನ್ನಿ. ಮನೆಯೂ ಉಸಿರಾಡುತ್ತದೆ, ಬಾಯಿಯೂ ಉಳಿಯುತ್ತಾಳೆ. ಸದ್ಯಕ್ಕೆ ಅವಳನ್ನೇ ಕರೆದು ಒಂದು ಚಾಕೊಲೇಟ್ ಡಬ್ಬ ಕೊಟ್ಟು ಬದ್ಲಿ ಬಾಯಿ ಯಾರಾದರೂ ಇದ್ದಾರಾ ಕೇಳಿ. ವಾಚ್‌ಮನ್‌ಗಿಂತ ಅವಳಿಗೇ ಜಾಸ್ತಿ ಗೊತ್ತಿರುತ್ತದೆ. ಅಡುಗೆಗೆ ಮನಸ್ಸಿಲ್ಲದ ದಿನ ಹತ್ತಿರದ ಪೋಳಿ-ಭಾಜಿ ಕೇಂದ್ರದಿಂದ ಚಪಾತಿ ತರಿಸಿ, ಮನೆಯಲ್ಲಿ ಒಂದು ತಿಳಿಸಾರು-ಅನ್ನ ಮಾಡಿಕೊಂಡರೆ ಸಾಕು. ಹೊರಗಿನ ಹೆಚ್ಚಿಟ್ಟ ಹಣ್ಣು, ಪಾನಿಪುರಿ ಎರಡು ವಾರ ತಡೆಯಲಿ. ಹೊಟ್ಟೆ ನಾಲ್ಕು ತಿಂಗಳಲ್ಲಿ ಇಲ್ಲಿನ ನೀರನ್ನು ಮರೆತಿರುತ್ತದೆ.

ಸೂಟ್‌ಕೇಸು ಮಾತ್ರ ಇವತ್ತೇ ಮುಗಿಸಿ. ನಾನು ಮನೆಗೆ ಹೋಗಿ ನೋಡಿದ ಎಷ್ಟೋ ಕಡೆ ಅದು ಹಾಲ್‌ನಲ್ಲೇ ಅರ್ಧ ತೆರೆದುಕೊಂಡಿರುತ್ತದೆ. ಬೇಕಾದಾಗ ಒಂದು ಟವೆಲ್, ಒಂದು ಬಾದಾಮಿ ಪ್ಯಾಕೆಟ್ ಎಳೆದುಕೊಳ್ಳುತ್ತಾರೆ. ಕೆಳಗೆ ಮೊಮ್ಮಗ ಗೀಚಿದ ಚಿತ್ರ, ಏರ್‌ಲೈನಿನ ಟ್ಯಾಗು, ಯಾರಿಗೋ ಕೊಡಬೇಕಾದ ಲೋಶನ್ನು. ದಿನಾ ಅದನ್ನು ದಾಟಿ ಓಡಾಡುವಾಗ ಇನ್ನೂ ಹೋಗುವುದಿದೆಯೋ ಬಂದಾಯಿತೋ ಅಂತ ಮನಸ್ಸಿಗೇ ಗೊತ್ತಾಗುವುದಿಲ್ಲ. ಒಂದೇ ಕೂತಲ್ಲಿ ಖಾಲಿ ಮಾಡಿ, ಹೊಲಿಗೆಯ ಸಂದಿಯಲ್ಲಿ ತಿಗಣೆ ಇದೆಯಾ ನೋಡಿ, ಒರೆಸಿ ಮಾಳಿಗೆಗೆ ಹಾಕಿ. ಚಿತ್ರವನ್ನು ಫ್ರಿಜ್ ಮೇಲೆ ಅಂಟಿಸಿ.

ಇಷ್ಟೆಲ್ಲ ಮಾಡಿ, ನಿದ್ದೆ ಸರಿಹೋದ ಮೇಲೂ ಮನೆ ಭಣಭಣ ಅನ್ನಿಸಬಹುದು. ಅದಕ್ಕೆ ಬೆಳಕಿನ ಲೆಕ್ಕ ನಾಟುವುದಿಲ್ಲ.

ಅಲ್ಲಿ ನಿಮಗೊಂದು ಕೆಲಸ ಇತ್ತು. ಹುಡುಗನ ಡಬ್ಬ, ಬಸ್ಸಿನ ಹೊತ್ತು, ಸಂಜೆ ತಿಂಡಿ. ಯಾರೋ ನಿಮಗಾಗಿ ಕಾಯುತ್ತಿದ್ದರು. ಇಲ್ಲಿ ಹತ್ತು ಗಂಟೆಗೆ ಎದ್ದರೂ ಕೇಳುವವರಿಲ್ಲ. ನೀವು ಅಮೆರಿಕವನ್ನು ನೆನೆಸಿಕೊಂಡು ಅಳುತ್ತಿದ್ದೀರಿ ಅಂತ ನನಗೆ ಅನ್ನಿಸುವುದಿಲ್ಲ, ಆ ಕಾಯುವಿಕೆಯನ್ನು ನೆನೆಸಿಕೊಂಡು ಅಳುತ್ತಿದ್ದೀರಿ. ಅದನ್ನು ಪುಣೆಗೆ ಹೋದರೂ ಕೂಡಲೇ ಪಡೆಯಲಾಗದು. ಮಗ-ಸೊಸೆ ಆಫೀಸಿಗೆ ಹೋದ ಮೇಲೆ ಅಲ್ಲೂ ಮನೆ ಇಷ್ಟೇ ಮೌನ, ಮೇಲೆ ನಿಮ್ಮ ಗುರುತಿನ ಭಾಜಿವಾಲಾ ಇಲ್ಲ, ದೇವಸ್ಥಾನ ಇಲ್ಲ. ಹೋಗಬೇಡಿ ಅನ್ನುತ್ತಿಲ್ಲ. ಈ ತಿಂಗಳ ಕೊನೆಗೆ ಕಲ್ಯಾಣದಿಂದ ರೈಲು ಹತ್ತಿ, ಮಳೆಯಲ್ಲಿ ಲೋಣಾವಳದ ಘಾಟ್ ನೋಡುತ್ತ ಹೋಗಿ ನಾಲ್ಕು ದಿನ ಇದ್ದು ಬನ್ನಿ. ಸಾಧ್ಯವಾದರೆ ವಾರದ ದಿನಗಳಲ್ಲೇ ಹೋಗಿ, ಶನಿವಾರ-ಭಾನುವಾರ ನೋಡಿ ಮೋಸ ಹೋಗಬೇಡಿ.

ಈ ತಿಂಗಳ ಕೊನೆಗೆ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. 2010ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಸಾವಿರದ ಐನೂರಕ್ಕೂ ಹೆಚ್ಚು ಜನರನ್ನು ಕೇಳಿ ನೋಡಿದರು. ರಜೆಗೆ ಹೋಗುವವರು ಹೋಗದವರಿಗಿಂತ ಖುಷಿಯಾಗಿದ್ದದ್ದು ಹೊರಡುವ ಮುಂಚೆ. ಬಂದ ಮೇಲೆ ಇಬ್ಬರಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ, ತೀರಾ ನಿರಾಳವಾಗಿ ರಜೆ ಕಳೆದವರನ್ನು ಬಿಟ್ಟರೆ. ಕ್ಯಾಲೆಂಡರಿನಲ್ಲಿ ಮುಂದೆ ಏನೋ ಒಂದು ಬರೆದಿದ್ದರೆ ಮನಸ್ಸು ಅದರ ಕಡೆ ಓಡುತ್ತದೆ, ನಾಲ್ಕು ದಿನದ ಪುಣೆಯಾದರೂ ಸರಿ. ಇನ್ನು ವಾಪಸ್ ಬಂದವರಿಗೆ ಸ್ವಂತ ಊರೇ ಪರಊರು ಅನ್ನಿಸುವುದು ಹೊಸ ಕಾಯಿಲೆಯಲ್ಲ. ಹೊರದೇಶದಿಂದ ಮರಳಿದವರ ಮನಸ್ಸು ಮತ್ತೊಮ್ಮೆ ಕುಸಿದು ಏಳುತ್ತದೆ ಎಂದು ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದಿದ್ದಾರೆ. ಅವರು ನೋಡಿದ್ದು ಓದಲು, ಕಲಿಸಲು ಹೋಗಿ ಬಂದವರನ್ನು. ಮೊಮ್ಮಕ್ಕಳನ್ನು ಬಿಟ್ಟು ಬಂದ ಅಜ್ಜಿಯರ ಕುಸಿತ ಇನ್ನೂ ಸ್ವಲ್ಪ ಆಳ ಅಂತ ನನ್ನ ಅನಿಸಿಕೆ.

ಸಂಜೆ ಆರರ ಕಾಲ್ ಇದೆಯಲ್ಲ, ಅದನ್ನೇ ಕೆಲಸ ಮಾಡಿಕೊಳ್ಳಿ. "ಊಟ ಆಯ್ತಾ ಪುಟ್ಟಾ, ಏನು ತಿಂದೆ" ಅಂತ ಕೇಳಿದರೆ ಹುಡುಗ ಎರಡು ನಿಮಿಷಕ್ಕೆ ಓಡಿಹೋಗುತ್ತಾನೆ. ದಿನಾ ಹತ್ತು ನಿಮಿಷ ಒಂದು ಕನ್ನಡ ಕತೆ ಹೇಳಿ, ರೋಚಕವಾದ ಕಡೆ ನಿಲ್ಲಿಸಿ, ಉಳಿದದ್ದು ನಾಳೆ ಅನ್ನಿ. ಎರಡೇ ವಾರದಲ್ಲಿ ಅವನೇ ಫೋನ್ ಮಾಡಿಸುತ್ತಾನೆ.

ಊರಿನವರ ಜೊತೆ ಮಾತು ಶುರು ಮಾಡಲು ಮಾಲ್‌ಗೆ ಹೋಗಬೇಡಿ, ಅಲ್ಲಿ ನಿಂತರೆ ಎಲ್ಲವೂ ಎಡಿಸನ್‌ಗಿಂತ ಸಣ್ಣದಾಗೇ ಕಾಣುತ್ತದೆ. ಮಧ್ಯಾಹ್ನದ ಸ್ಲೋ ಲೋಕಲ್‌ನಲ್ಲಿ, ಮಹಿಳಾ ಡಬ್ಬದಲ್ಲಿ, ಮಾಟುಂಗಾಕ್ಕೆ ಹೋಗಿ. ನುಗ್ಗೆಕಾಯಿ, ವೀಳ್ಯದೆಲೆ, ಮಲ್ಲಿಗೆ ದಂಡೆ, ಹೊಸದಾಗಿ ಪುಡಿ ಮಾಡಿಸಿದ ಕಾಫಿ ತಗೊಳ್ಳಿ. ಅಲ್ಲೇ 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇದೆ, ಮುಂದೆ ಯಾವ ಕಾರ್ಯಕ್ರಮ ಇದೆ ಕೇಳಿಕೊಂಡು ಬನ್ನಿ. ಒಂದು ಸೂಚನೆ: ಮೊದಲ ಎರಡು ವಾರ "ಅಲ್ಲಿ ಹಾಗೆ, ಇಲ್ಲಿ ಹೀಗೆ" ಅನ್ನುವ ಮಾತನ್ನು ಮಗಳ ಹತ್ತಿರ ಮಾತ್ರ ಆಡಿ. ಪಕ್ಕದ ಮನೆಯವರಿಗೆ ಫುಟ್‌ಪಾತ್ ಬಗ್ಗೆ ಹೇಳಿ ಏನು ಸಿಗುತ್ತದೆ? ಅವರಿಗೂ ಇದೇ ಫುಟ್‌ಪಾತು.

ಈಗ ಯಜಮಾನರು. ನಾಲ್ಕು ತಿಂಗಳು ಡಿಶ್‌ವಾಶರ್ ತುಂಬಿದವರಿಗೆ ತಟ್ಟೆ ಎತ್ತಲು ಬರುತ್ತದೆ ಅಂತ ಸಾಬೀತಾಗಿದೆ. ಅಲ್ಲಿಂದ ತಂದದ್ದರಲ್ಲಿ ನೀವು ಉಳಿಸಿಕೊಳ್ಳಬೇಕಾದದ್ದು ಇದೊಂದೇ 'ಗಿಫ್ಟು'. ಸಿಟ್ಟಿನಲ್ಲಿ ಹೇಳಿದರೆ ಜಗಳ ಆಗುತ್ತದೆ, ಇಬ್ಬರಿಗೂ ನಿದ್ದೆ ಬೇರೆ ಇಲ್ಲ. ಒಂದು ಕೆಲಸ ಹೆಸರು ಹಿಡಿದು ಕೊಡಿ: "ರಾತ್ರಿ ಪಾತ್ರೆ ನಿಮ್ಮದು, ಬದ್ಲಿ ಬಾಯಿ ಸಿಗೋ ತನಕ." ಬಾಯಿ ಸಿಕ್ಕ ಮೇಲೂ ಅದನ್ನು ಅವರಿಂದ ಬಿಡಿಸಬೇಡಿ. ಬೆಳಗಿನ ಕಾಫಿಯನ್ನೂ ಕ್ರಮೇಣ ಅವರ ಕಡೆ ಸರಿಸಬಹುದು. ಗಂಡಸರು ಸ್ವಂತ ಮನೆಗೆ ಬಂದ ಕೂಡಲೇ ಹಳೇ ಕುರ್ಚಿಗೆ ಹೋಗಿ ಕೂರುವುದು ಬೇಕಂತಲೇ ಅಲ್ಲ. ಅಲ್ಲಿ ಅವರು ಅತಿಥಿ, ಮಗಳ ಮುಂದೆ ಒಳ್ಳೆಯವರಾಗಿರಬೇಕಿತ್ತು. ಇಲ್ಲಿ ನೋಡುವವರು ನೀವೊಬ್ಬರೇ. ಹಾಗಾಗಿ ಸಂಜೆಯ ಕಾಲ್‌ನಲ್ಲಿ ಮಗಳ ಮುಂದೆಯೇ "ನಿಮ್ಮಪ್ಪ ಇವತ್ತೂ ಪಾತ್ರೆ ತೊಳೆದ್ರು" ಅಂತ ಹೇಳಿ. ಕೆಲಸಕ್ಕೆ ಬರುತ್ತದೆ.

ಡಿಪ್ರೆಶನ್ನಾ ಅಂತ ಕೇಳಿದ್ದೀರಿ. ಹತ್ತು ದಿನದ ನಿದ್ದೆಗೇಡಿನ ನಡುವೆ ಹಾಗಂತ ಹಣೆಪಟ್ಟಿ ಹಚ್ಚಲು ನಾನು ತಯಾರಿಲ್ಲ. ಆದರೆ ನಿದ್ದೆ ಸರಿಹೋದ ಮೇಲೂ ಎರಡು ವಾರ, ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿದ್ದರೆ, ಇಷ್ಟದ ಕೆಲಸವೂ ಬೇಡವಾದರೆ, ಊಟ ಸೇರದಿದ್ದರೆ, ಬದುಕಿ ಏನು ಪ್ರಯೋಜನ ಅನ್ನಿಸಿದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಕೊನೆಯದು ಅನ್ನಿಸಿದರೆ ಎರಡು ವಾರ ಕಾಯಬೇಡಿ, ಅವತ್ತೇ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ದೇಹದ ಕಡೆ ಕೆಲವು ವಿಷಯ ಬಾಕಿ ಇವೆ. ಇಷ್ಟು ಉದ್ದದ ವಿಮಾನ ಪ್ರಯಾಣದ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕೆಲವು ವಾರ ಇರುತ್ತದೆ. ಎರಡೂ ಪಾದ ಸ್ವಲ್ಪ ಊದಿ ಎರಡು ದಿನಕ್ಕೆ ಇಳಿದರೆ ಚಿಂತೆ ಇಲ್ಲ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಆ ದಿನವೇ ತೋರಿಸಿ, ಜೊತೆಗೆ ಉಸಿರು ಕಟ್ಟಿದರೆ ನೇರವಾಗಿ ಆಸ್ಪತ್ರೆಗೆ. ಜ್ವರ ಬಂದರೆ ಪ್ರಯಾಣದ ಸುಸ್ತು ಅಂತ ಪ್ಯಾರಾಸಿಟಮಾಲ್ ನುಂಗಿ ಕೂರಬೇಡಿ. ಇದು ಮುಂಬೈ, ಇದು ಜುಲೈ: ಮಲೇರಿಯಾ, ಡೆಂಗಿ ರಕ್ತ ಪರೀಕ್ಷೆ ಮಾಡಿಸಿ. ರಸ್ತೆಯ ನಿಂತ ನೀರಲ್ಲಿ ನಡೆಯಬೇಕಾಗಿ ಬಂದರೆ ಮನೆಗೆ ಬಂದು ಸೋಪಿನಿಂದ ಕಾಲು ತೊಳೆದು, ಮೂರು ದಿನದೊಳಗೆ ಡಾಕ್ಟರಿಗೆ ಹೇಳಿ. ಲೆಪ್ಟೊ, ಅಂದರೆ ಇಲಿ ಜ್ವರ, ಬರದಂತೆ ಮಾತ್ರೆ ಬೇಕಾ ಅಂತ ಅವರು ನೋಡುತ್ತಾರೆ. ಇವರಿಗೆ ಶುಗರ್ ಇರುವುದರಿಂದ ಕಾಲಿನ ಸಣ್ಣ ಗಾಯವನ್ನೂ ಉಪೇಕ್ಷೆ ಮಾಡಬೇಡಿ.

ಯಜಮಾನರ ಬಿಪಿ-ಶುಗರ್ ಮಾತ್ರೆಗಳನ್ನು ಈಗ ಇಲ್ಲಿನ ಹೊತ್ತಿಗೇ ತಗೊಳ್ಳುತ್ತಿದ್ದಾರಾ ನೋಡಿ. ಎಷ್ಟೋ ಜನ ಬಂದು ವಾರವಾದರೂ ಅಲ್ಲಿನ ರಾತ್ರಿ ಲೆಕ್ಕದಲ್ಲೇ ನುಂಗುತ್ತಿರುತ್ತಾರೆ. ಇನ್ಸುಲಿನ್ ಇದ್ದರೆ ಹೊತ್ತು ಬದಲಾಯಿಸುವುದನ್ನು ಡಾಕ್ಟರನ್ನು ಕೇಳದೆ ಮಾಡಬೇಡಿ. ನಿದ್ದೆ ಸರಿಹೋದ ಮೇಲೆ ಎಚ್‌ಬಿಎ1ಸಿ ಮಾಡಿಸಿ. ಅದು ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ, ಅಂದರೆ ಎಡಿಸನ್‌ನ ಪಿಜ್ಜಾ, ಡೋನಟ್ ಎಲ್ಲ ಅದರಲ್ಲಿ ಬರೆದಿರುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಮಗಳು ಕೊಟ್ಟು ಕಳಿಸಿದ ದೊಡ್ಡ ದೊಡ್ಡ ವಿಟಮಿನ್ ಡಬ್ಬಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅವುಗಳಲ್ಲಿ ಒಂದೆರಡರಲ್ಲಿ ನಿದ್ದೆಗೆಂದು ತಗೊಳ್ಳುವ ಮೆಲಟೋನಿನ್ ಅನ್ನುವ ಹಾರ್ಮೋನ್ ಇರಬಹುದು. ಅದು ಅಲ್ಲಿ ಅಂಗಡಿಯಲ್ಲಿ ಚೀಟಿ ಇಲ್ಲದೇ ಸಿಗುತ್ತದೆ, ಆದರೆ ರಕ್ತ ತೆಳುವಾಗಿಸುವ ಮಾತ್ರೆಯಂಥವುಗಳ ಜೊತೆ ಹೊಂದುವುದಿಲ್ಲ. ಇವರು ತಗೊಳ್ಳುವ ಮಾತ್ರೆಗಳ ಪಟ್ಟಿ ನೋಡಿದ ಮೇಲೆ ಯಾವ ಡಬ್ಬ ಇಟ್ಟುಕೊಳ್ಳಬೇಕು, ಯಾವುದು ಬೇಡ ಅಂತ ಅವರೇ ಹೇಳುತ್ತಾರೆ.